ನವಾಬನಿಗೆ ಹೆಣ್ಣು ನೋಡಿದ್ದು

ಮೀನು ಗಂಡೋ ಹೆಣ್ಣೋ ಎಂದು ಹೇಳುವುದು ಯಾವ ಮಹಾ ವಿದ್ಯೆ! ಹೀಗೆಂದು ನಾನು ಬಲವಾಗಿ ನಂಬಿದ್ದ ಕಾಲವೊಂದಿತ್ತು. ತೀರಾ ಹಿಂದಿನ ಕಾಲವೇನಲ್ಲ, ಹೋದ ವರ್ಷದ ಮಾವಿನ ಹಣ್ಣಿನ ಕಾಲ. ನಾನು ಪ್ರಾಣಿಶಾಸ್ತ್ರ ಓದಿದವಳು. ಕಾಲೇಜಿನಲ್ಲಿ ಕಪ್ಪೆ ಕೊಯ್ದಿದ್ದೇನೆ, ಜಿರಲೆಯ ಬಾಯಿಯ ಭಾಗಗಳನ್ನು ಒಂದೊಂದಾಗಿ ಬಿಡಿಸಿ ಗಾಜಿನ ಮೇಲೆ ಜೋಡಿಸಿದ್ದೇನೆ. ಆಮೇಲೆ ಒಂದು ಕಂಪನಿಯಲ್ಲಿ ಜನರ ರಜೆ ಮಂಜೂರು ಮಾಡುವ ಕೆಲಸಕ್ಕೆ ಸೇರಿ, ಮದುವೆಯಾಗಿ, ಕಗ್ಗದಾಸಪುರಕ್ಕೆ ಬಂದ ಮೇಲೆ ಆ ವಿದ್ಯೆಯನ್ನು ಅಡುಗೆಮನೆಯ ಜಿರಲೆಗಳ ಮೇಲೆ ಮಾತ್ರ ಪ್ರಯೋಗಿಸುತ್ತಿದ್ದೆ. ಅದೂ ಬಿಡಿಸಿ ನೋಡುವಷ್ಟು ಪುರುಸೊತ್ತಿಲ್ಲದೆ, ಚಪ್ಪಲಿಯಿಂದ.

ನಮ್ಮ ಮನೆಗೆ ಮೀನಿನ ಹುಚ್ಚು ಹಿಡಿಸಿದ್ದು ಅಪ್ಪ. ಆಗ ನಾವು ಹಲಸೂರಿನ ಒಂದು ವಠಾರದಲ್ಲಿದ್ದೆವು. ಭಾನುವಾರ ಬೆಳಿಗ್ಗೆ ಅಪ್ಪ ನನ್ನನ್ನು ಸೈಕಲ್ಲಿನ ಮುಂದಿನ ಬಾರಿನ ಮೇಲೆ ಕೂರಿಸಿಕೊಂಡು ಶಿವಾಜಿನಗರಕ್ಕೆ ಹೊರಡುತ್ತಿದ್ದರು. ಬರುವಾಗ ಹ್ಯಾಂಡಲ್ಲಿಗೆ ಒಂದು ಪ್ಲಾಸ್ಟಿಕ್ ಚೀಲ ನೇತಾಡುತ್ತಿತ್ತು. ಚೀಲದೊಳಗೆ ನೀರು, ನೀರಿನೊಳಗೆ ಎರಡು ಗಪ್ಪಿ ಮೀನು, ಎಲ್ಲದರೊಳಗೂ ತುಂಬಿಕೊಂಡ ಬಿಸಿಲು. ಕೆರೆಯ ಪಕ್ಕದ ತಿರುವಿನಲ್ಲಿ ಆ ಬಿಸಿಲು ನನ್ನ ಫ್ರಾಕಿನ ಮೇಲೆ ಕುಣಿಯುತ್ತಿದ್ದುದು ಇವತ್ತಿಗೂ ಕಣ್ಣಲ್ಲಿದೆ.

ಮೀನು ಮಾರುವವರು ಯಾವತ್ತೂ ಒಂಟಿ ಮೀನು ಕೊಡುತ್ತಿರಲಿಲ್ಲ. "ಜೋಡಿ ತಗೊಳ್ಳಿ ಸಾರ್" ಎನ್ನುತ್ತಿದ್ದರು. "ಇದ್ರಲ್ಲಿ ಗಂಡು ಯಾವ್ದು?" ಎಂದು ಅಪ್ಪ ಕೇಳಿದರೆ ಒಂದು ವಾರ "ದೊಡ್ದು" ಎಂಬ ಉತ್ತರ, ಮುಂದಿನ ವಾರ "ಚಿಕ್ಕದು" ಎಂಬ ಉತ್ತರ. ಅಪ್ಪನಿಗೆ ಎರಡೂ ಒಪ್ಪಿಗೆ! ಅಲ್ಲಿಂದ ನೇರವಾಗಿ ಅವರ ಗೆಳೆಯರ ಬಟ್ಟೆ ಅಂಗಡಿಗೆ ಹೋಗುತ್ತಿದ್ದೆವು. ಬ್ಲೌಸ್ ಪೀಸು, ಲೈನಿಂಗ್, ಫಾಲ್ ಮಾರುವ ಇಕ್ಕಟ್ಟಾದ ಅಂಗಡಿ. ಆ ಅಂಗಡಿಯ ಅಂಕಲ್ ಮತ್ತು ಅಪ್ಪ ಇಬ್ಬರೂ ತಮ್ಮ ತಮ್ಮ ಚೀಲಗಳನ್ನು ಬೆಳಕಿಗೆ ಎತ್ತಿ ಹಿಡಿದು, ಯಾರ ಮೀನು ಗಂಡು, ಯಾರದು ಹೆಣ್ಣು ಎಂದು ವಾದಿಸುತ್ತಿದ್ದರು. ನಾನು ಮತ್ತು ಅಂಕಲ್ ಮಗ ಅಸ್ಲಂ ಬಟ್ಟೆ ಥಾನುಗಳ ಮೇಲೆ ಕುಳಿತು ಬನ್ನು ತಿನ್ನುತ್ತಿದ್ದೆವು.

ಆ ಇಬ್ಬರೂ ಹಿರಿಯರು ಈಗ ಇಲ್ಲ. ಅಂಗಡಿ ಅಸ್ಲಂನದಾಗಿದೆ. ಅಪ್ಪ ಕೊನೆಗೆ ತಂದ ಮೀನು ನಮ್ಮ ಮನೆಯಲ್ಲಿದೆ. ಅದು ಫ್ಲವರ್‌ಹಾರ್ನ್ ಎಂಬ ಜಾತಿ. ಜಾತಿ ಎನ್ನುವುದೂ ತಪ್ಪೇ. ಸಿಕ್ಲಿಡ್ ಕುಲದ ಹಲವು ಮೀನುಗಳನ್ನು ಬೆರೆಸಿ ಮನುಷ್ಯರು ಮಾಡಿದ ಮಿಶ್ರ ತಳಿ ಅದು. ಅದಕ್ಕೆ ಹುಟ್ಟೂರಿಲ್ಲ, ನದಿಯಿಲ್ಲ. ನಮ್ಮ ಕಂಟೋನ್ಮೆಂಟಿನ ಭಾಷೆಯ ಹಾಗೆ ಎಲ್ಲ ಕಡೆಯಿಂದಲೂ ಸ್ವಲ್ಪ ಸ್ವಲ್ಪ. ಮೈಯೆಲ್ಲ ಕೆಂಪು, ಪಕ್ಕೆಯಲ್ಲಿ ಯಾರೋ ಮಸಿಯಲ್ಲಿ ಗೀಚಿದಂಥ ಕಪ್ಪು ಗುರುತುಗಳು. ಹಲವಕ್ಕೆ ಹಣೆಯ ಮೇಲೆ ದೊಡ್ಡ ಬುಗುಟು ಬರುತ್ತದೆ. ನಮ್ಮದಕ್ಕೆ ಬುಗುಟು ಬರಲೇ ಇಲ್ಲ, ಹಣೆ ಇಳಿಜಾರು. ಅಪ್ಪ ಅದನ್ನು ನೋಡಿದ ಕ್ಷಣವೇ "ಇದು ಹೆಣ್ಣು" ಎಂದು ತೀರ್ಮಾನಿಸಿ ರಾಣಿ ಎಂದು ಹೆಸರಿಟ್ಟಿದ್ದರು.

ರಾಣಿಗೆ ಈಗ ವಯಸ್ಸಾಗುತ್ತಾ ಬಂದಿತ್ತು. ನನ್ನ ಜೊತೆಗೇ ಇರುವ ಅಮ್ಮ ದಿನಾ ತೊಟ್ಟಿಯ ಮುಂದೆ ಕುಳಿತು ನಿಟ್ಟುಸಿರು ಬಿಡುತ್ತಿದ್ದಳು.

"ಇದೂ ಹೋಗ್ಬಿಟ್ರೆ, ನಿಮ್ಮಪ್ಪನ್ದು ಅಂತ ಉಸಿರಾಡೋದು ಈ ಮನೇಲಿ ಇನ್ನೇನೂ ಇರಲ್ಲ ಕಣೇ ಸುಜಿ."

"ನಾನಿಲ್ವೇನಮ್ಮ?"

"ನೀನು ಉಸಿರಾಡೋದೆಲ್ಲಿ, ಬರೀ ಮಾತಾಡ್ತೀಯ."

ಅಮ್ಮನ ಮಾತು ಮನಸ್ಸಿಗೆ ನಾಟಿತು. ರಾಣಿಯ ಒಂದಾದರೂ ಮರಿ ನಮ್ಮ ಮನೆಯಲ್ಲಿ ಉಳಿಯಬೇಕು. ಇಷ್ಟೇ ನನ್ನ ಆಸೆ. ಅದೇ ವಾರ ಅಸ್ಲಂ ಫೋನ್ ಮಾಡಿದ. ಅವನ ಅಂಗಡಿಯ ಗಲ್ಲಾ ಪಕ್ಕದ ತೊಟ್ಟಿಯಲ್ಲಿ ಅವನ ಅಪ್ಪ ಸಾಕಿದ್ದ ಫ್ಲವರ್‌ಹಾರ್ನ್ ಇತ್ತು. ಹೆಸರು ನವಾಬ್. ಅದರ ಹಣೆಯ ಬುಗುಟು ಎಷ್ಟು ದೊಡ್ಡದೆಂದರೆ, ಬೀದಿಯವರೆಲ್ಲ ಅದನ್ನೇ ಅಂಗಡಿಯ ಅದೃಷ್ಟವೆಂದು ನಂಬಿದ್ದರು.

"ಸುಜಿ, ಅಬ್ಬಾದು ನವಾಬ್‌ಗೆ ಒಂದು ಬೇಗಂ ನೋಡೋಣ ಅಂತ. ನಿಮ್ಮ ರಾಣಿ ಪಕ್ಕಾ ಹೆಣ್ಣು ತಾನೆ? ನೀನು ಓದ್ದೋಳು, ನೋಡಿ ಹೇಳು."

ನೋಡಿ ಹೇಳು! ಇಷ್ಟು ವರ್ಷಗಳಲ್ಲಿ ನನ್ನ ಪ್ರಾಣಿಶಾಸ್ತ್ರವನ್ನು ಒಬ್ಬರಾದರೂ ಹೀಗೆ ಗೌರವದಿಂದ ಕೇಳಿದ್ದುಂಟೆ? ಅಂದು ಸಂಜೆಯೇ ವೈಜ್ಞಾನಿಕ ತಪಾಸಣೆಯನ್ನು ಏರ್ಪಡಿಸಿದೆ. ಇಂಟರ್‌ನೆಟ್ಟಿನಲ್ಲಿ ಓದಿಕೊಂಡ ಪ್ರಕಾರ, ಮೀನನ್ನು ಒದ್ದೆ ಬಟ್ಟೆಯಲ್ಲಿ ಹಿಡಿದು ಮಗುಚಿ, ಹೊಟ್ಟೆಯ ಕೆಳಗಿನ ರಂಧ್ರವನ್ನು ನೋಡಬೇಕು. ಇಂಗ್ಲಿಷಿನ ವಿ ಅಕ್ಷರದಂತೆ ಚೂಪಾಗಿದ್ದರೆ ಗಂಡು, ಯು ಅಕ್ಷರದಂತೆ ದುಂಡಗಿದ್ದರೆ ಹೆಣ್ಣು. ನನ್ನ ಗಂಡ ಪ್ರಕಾಶ ಟಾರ್ಚ್ ಹಿಡಿದ. ಅವನು ಒಂದು ಕಾರ್ಖಾನೆಯ ಲೆಕ್ಕಪತ್ರ ನೋಡುವವನು, ವಿಜ್ಞಾನದ ಗಂಧವಿಲ್ಲ.

"ಸರಿಯಾಗಿ ಬಿಡ್ರೀ ಬೆಳಕು. ಯು ಕಾಣ್ತಿದೆಯಾ?"

"ನಂಗೆ ಡಬ್ಲ್ಯು ಥರ ಕಾಣ್ತಿದೆ."

"ಡಬ್ಲ್ಯು ಅಂತ ಯಾವ ಮೀನೂ ಇಲ್ಲ!"

"ಹಾಗಾದ್ರೆ ಒಂದು ಚುಕ್ಕೆ ಅಂತ ಬರ್ಕೋ. ಪಾಪ, ಬಿಡೇ ಅದನ್ನ. ನಮ್ಮನ್ನ ಯಾರಾದ್ರೂ ಹೀಗೆ ತಲೆಕೆಳಗೆ ಮಾಡಿ ಟಾರ್ಚ್ ಬಿಟ್ರೆ ನಾವು ಯಾವ ಅಕ್ಷರ ತೋರಿಸ್ತೀವಿ?"

ಅಷ್ಟರಲ್ಲಿ ರಾಣಿ ಬಾಲದಿಂದ ನನ್ನ ಕೆನ್ನೆಗೆ ಒಂದು ಬಾರಿಸಿ ತೊಟ್ಟಿಗೆ ಹಾರಿತು. ಮೊದಲ ಸುತ್ತಿನ ಪರೀಕ್ಷೆ ಅಪೂರ್ಣ. ಆದರೆ ನಾನು ಸೋಲುವವಳಲ್ಲ. ಹೆಣ್ಣಿನ ಬೆನ್ನಿನ ರೆಕ್ಕೆಯ ಮೇಲೆ ಸಾಮಾನ್ಯವಾಗಿ ಕಪ್ಪು ಚುಕ್ಕೆಗಳಿರುತ್ತವೆಂದೂ ಓದಿದ್ದೆ. ರಾಣಿ ಯಾವಾಗಲೂ ನಿಲ್ಲುತ್ತಿದ್ದ ಮೂಲೆಗೆ ಹೋಗಿ ಕಣ್ಣು ಕಿರಿದು ಮಾಡಿ ನೋಡಿದೆ. ಇದ್ದವು! ಸಾಲಾಗಿ, ಸೊಗಸಾಗಿ ಕಪ್ಪು ಚುಕ್ಕೆಗಳು! ಜೊತೆಗೆ ಹಣೆಯಲ್ಲಿ ಬುಗುಟಿಲ್ಲ. ಜೊತೆಗೆ ಅಪ್ಪನ ಮಾತು. ಇನ್ನೇನು ಬೇಕು? ರಾಣಿ ಹೆಣ್ಣು, ನವಾಬ್ ಗಂಡು ಎಂದು ಈ ಮೂಲಕ ತೀರ್ಪಿತ್ತು, ಸದರಿ ತೀರ್ಪನ್ನು ಅಸ್ಲಂನಿಗೆ ವಾಟ್ಸಾಪಿನಲ್ಲಿ ರವಾನಿಸಿದೆ.

ಮಕ್ಕಳ ಗುಣಲಕ್ಷಣಗಳನ್ನೂ ಮುಂಗಡವಾಗಿ ಘೋಷಿಸಿದೆ. ಕಾಲೇಜಿನಲ್ಲಿ ಓದಿದ ಬಟಾಣಿ ಗಿಡದ ಪಾಠ ಅರ್ಧಂಬರ್ಧ ನೆನಪಿತ್ತು. "ಬುಗುಟು ಅಪ್ಪನ ಕಡೆಯಿಂದ, ಬಣ್ಣ ಅಮ್ಮನ ಕಡೆಯಿಂದ ಬರುತ್ತೆ" ಎಂದೆ. ಅಮ್ಮ, "ಬುದ್ಧಿ?" ಎಂದು ಕೇಳಿದಳು. 

ಶುಕ್ರವಾರ ನಾನೂ ಪ್ರಕಾಶನೂ ರಜೆ ಹಾಕಿ ಹೆಣ್ಣನ್ನು ಕರೆದುಕೊಂಡು ಹೊರಟೆವು. ದಪ್ಪ ಪ್ಲಾಸ್ಟಿಕ್ ಚೀಲದಲ್ಲಿ ರಾಣಿ, ಚೀಲ ಬಕೆಟ್ಟಿನಲ್ಲಿ, ಬಕೆಟ್ಟು ನನ್ನ ತೊಡೆಯ ಮೇಲೆ. ಅಮ್ಮ ಬಕೆಟ್ಟಿನ ಬಾಯಿಗೆ ಹಳೆಯ ರೇಷ್ಮೆ ಬ್ಲೌಸೊಂದನ್ನು ಮುಚ್ಚಿ, "ಜೋಪಾನ" ಎಂದಳು. ಅವಳ ಕಣ್ಣು ತುಂಬಿತ್ತು. ಆಟೋದವರು ಕನ್ನಡಿಯಲ್ಲಿ ನೋಡಿ, "ಏನ್ ಮೇಡಂ, ಸಾಂಬಾರಾ? ಚೆಲ್ಬಿಟ್ರೆ ಸೀಟು ಹಾಳಾಗುತ್ತೆ" ಎಂದರು.

"ಮೀನು ರೀ. ಮದುವೆ ಹೆಣ್ಣು" ಎಂದ ಪ್ರಕಾಶ.

ಆಟೋದವರು ಆಮೇಲೆ ಹಿಂತಿರುಗಿ ನೋಡಲೇ ಇಲ್ಲ. ಆದರೆ ಇಂದಿರಾನಗರದ ಪ್ರತಿಯೊಂದು ರಸ್ತೆಯುಬ್ಬನ್ನೂ ತೊಟ್ಟಿಲು ತೂಗುವಂತೆ ನಿಧಾನವಾಗಿ ದಾಟಿಸಿದರು. ಹಲಸೂರು ಕೆರೆಯ ಹತ್ತಿರ ಬಂದಾಗ ಮೆಟ್ರೋ ಕಂಬಗಳ ನಡುವಿನಿಂದ ಬಿಸಿಲು ಬಂದು ಬಕೆಟ್ಟಿನೊಳಗೆ ಬಿತ್ತು. ನಾನು ಬ್ಲೌಸು ಸರಿಸಿ ನೋಡಿದೆ. ನೀರು ಹೊಳೆಯುತ್ತಿತ್ತು. ಸೈಕಲ್ಲಿನ ಬಾರಿನ ಮೇಲೆ ಕುಳಿತ ಹಾಗೇ ಆಯಿತು. ಹಿಂದೆ ಅಪ್ಪನ ಉಸಿರು ಮಾತ್ರ ಇರಲಿಲ್ಲ.

ಅಂಗಡಿಯಲ್ಲಿ ಅದ್ದೂರಿ ಸ್ವಾಗತ. ನಮಾಜ್ ಮುಗಿಸಿ ಬಂದ ಅಸ್ಲಂ ಹೊಸ ಜುಬ್ಬಾದಲ್ಲಿದ್ದ. ಅಂಗಡಿಯ ಹಿಂದಿನ ಮನೆಯಿಂದ ಅವನ ಅಮ್ಮ, ನಾನು ಖಾಲಾ ಎಂದು ಕರೆಯುವವರು, ಸೇಮಿಗೆ ಪಾಯಸ ತಂದರು. ನಾನು ಕಾಯಿ ಹೋಳಿಗೆ ಒಯ್ದಿದ್ದೆ. ಅಸ್ಲಂ ನವಾಬನ ತೊಟ್ಟಿಯ ನಡುವೆ ತೂತುಗಳಿರುವ ಒಂದು ಪಾರದರ್ಶಕ ಹಲಗೆ ನಿಲ್ಲಿಸಿದ್ದ. ಈ ಕಡೆ ಗಂಡು, ಆ ಕಡೆ ಹೆಣ್ಣು, ಕೆಲವು ದಿನ ಒಬ್ಬರನ್ನೊಬ್ಬರು ನೋಡಿಕೊಂಡು ಒಗ್ಗಿಕೊಳ್ಳಲಿ ಎಂಬುದು ಪದ್ಧತಿ. ರಾಣಿಯನ್ನು ಬಿಟ್ಟೆವು. ಪಕ್ಕದ ಅಂಗಡಿಯ ಟೈಲರ್ ಸೆಲ್ವಂ ಬಂದು ರಾಣಿಯ ಪಕ್ಕೆಯ ಗುರುತು ನೋಡಿ, "ಅಯ್ಯೋ, ದೇವರ ವೇಲಾಯುಧ ಮಾದರಿ ಇದೆ!" ಎಂದು ಕೈ ಮುಗಿದರು. ಖಾಲಾ, "ಏ ನಕ್ಕೋ, ಅಲ್ವೇ ಅಲ್ಲ, ಅದು ಉರ್ದು ಅಕ್ಷರ" ಎಂದರು. ಪ್ರಕಾಶನಿಗೆ ಅದು ಕಗ್ಗದಾಸಪುರದ ಬಸ್ಸಿನ ನಂಬರಿನಂತೆ ಕಂಡಿತು.

ನಾನು ಮಾತ್ರ ಬೇರೇನನ್ನೋ ನೋಡುತ್ತಿದ್ದೆ. ರಾಣಿಯ ಬೆನ್ನಿನ ಮೇಲಿದ್ದ ಕಪ್ಪು ಚುಕ್ಕೆಗಳು ಎಲ್ಲಿ?

ಚುಕ್ಕೆಗಳು ಕಗ್ಗದಾಸಪುರದಲ್ಲೇ ಉಳಿದಿದ್ದವು. ಅವು ನಮ್ಮ ತೊಟ್ಟಿಯ ಗಾಜಿಗೆ ಅಂಟಿದ್ದ ಪಾಚಿಯ ಕಲೆಗಳೆಂಬುದು ಆ ಕ್ಷಣಕ್ಕೇ ಹೊಳೆಯಬೇಕಿತ್ತು. ಹೊಳೆಯಿತು ಕೂಡ! ಆದರೆ ಪಾಯಸ ಕುಡಿದಾಗಿತ್ತು. ಜನ ಸೇರಿದ್ದರು.

"ಚುಕ್ಕೆ ಎಲ್ಲೇ?" ಎಂದು ಪ್ರಕಾಶ ಪಿಸುಗುಟ್ಟಿದ.

"ಹೊಸ ಜಾಗ ಅಲ್ವಾ. ನಾಚಿಕೆಗೆ ಮಾಸಿವೆ."

ಮುಂದಿನ ದಿನಗಳಲ್ಲಿ ಅಸ್ಲಂ ಕಳಿಸಿದ ವಿಡಿಯೋಗಳಲ್ಲಿ ಎರಡೂ ಮೀನುಗಳು ಕಿವಿರು ಅಗಲಿಸಿ ಹಲಗೆಗೆ ಢೀ ಕೊಡುತ್ತಿದ್ದವು. "ಏನಿದು?" ಎಂದು ಅವನು ಕೇಳಿದ. "ಪ್ರೀತಿ" ಎಂದು ಬರೆದೆ. ಅವನು ಹೃದಯದ ಚಿತ್ರ ಕಳಿಸಿದ. ಮುಂದಿನ ಶುಕ್ರವಾರಕ್ಕೆ ಮುಹೂರ್ತ ಇಟ್ಟೆವು.

ಆ ಶುಕ್ರವಾರ ಮತ್ತೆ ಅಂಗಡಿಗೆ ಹೋದೆವು. ತೊಟ್ಟಿಯ ನೀರು ಬದಲಿಸಲೆಂದು ನಾನೇ ಬಕೆಟ್ಟಿನಲ್ಲಿ ನೀರು ತಂದು, ನಾನೇ ಅರ್ಧ ನೆಲಕ್ಕೆ ಚೆಲ್ಲಿದ್ದೆ. ಹಳೆಯ ಸಿಮೆಂಟಿನ ನೆಲ. ಅಸ್ಲಂ ಬರಿಗಾಲಿನಲ್ಲಿದ್ದ. ತೊಟ್ಟಿಯ ಒಳಗೆ ನೀರು ಬೆಚ್ಚಗಿಡುವ ಗಾಜಿನ ಹೀಟರ್ ಕೆಂಪು ದೀಪ ಉರಿಸಿಕೊಂಡು ನಿಂತಿತ್ತು. ಮರಿ ಮಾಡಿಸುವಾಗ ನೀರು ಬೆಚ್ಚಗಿರಬೇಕು ಎಂದು ಅದನ್ನು ಹಾಕಿಸಿದ್ದೂ ನಾನೇ.

ಅಸ್ಲಂ ಹಲಗೆ ಎತ್ತಿದ.  ಎತ್ತಿದ್ದೇ ತಡ, ನಮ್ಮ ನಾಚಿಕೆಯ ಹೆಣ್ಣು ಮಿಲಿಟರಿ ಲಾರಿಯಂತೆ ನುಗ್ಗಿತು! ಬೀದಿಗೇ ಅದೃಷ್ಟ ಹಂಚುತ್ತಿದ್ದ ನವಾಬ್ ಆ ಬೃಹತ್ ಹಣೆಯನ್ನು ಹೊತ್ತುಕೊಂಡು ಫಿಲ್ಟರಿನ ಹಿಂದೆ ಅಡಗಿಕೊಂಡಿತು!

"ನವಾಬ್! ಮರ್ದ್ ಬನ್ ರೇ, ಗಂಡಸಾಗೋ! ಹೊರಗೆ ಬಾ!" ಎಂದು ಅಸ್ಲಂ ಗಾಜು ಬಡಿದ.

"ಇದು ಪ್ರಣಯದ ಮೊದಲ ಹಂತ. ಹೆಣ್ಣು ಪರೀಕ್ಷೆ ಮಾಡ್ತಿದೆ" ಎಂದು ನಾನು ವಿವರಿಸಿದೆ.

"ಪರೀಕ್ಷೇಲಿ ರೆಕ್ಕೆ ಹರಿಯುತ್ತಾ?" ಎಂದ ಪ್ರಕಾಶ.

ನೀರಿನಲ್ಲಿ ಚೂರುಗಳು ತೇಲತೊಡಗಿದ್ದವು. ಎರಡೂ ಬಾಯಿಗೆ ಬಾಯಿ ಕಚ್ಚಿಕೊಂಡು ಗರಗರ ತಿರುಗಿ, ತಳದ ಕಲ್ಲಿಗೂ ಹೀಟರಿಗೂ ಬಡಿದವು. ಠಪ್ ಎಂಬ ಸಣ್ಣ ಸದ್ದು. ಗಾಜು ಒಡೆದದ್ದು ನನಗೆ ಕಾಣಿಸಿತು. ಅದೇ ಹೊತ್ತಿಗೆ ಅಸ್ಲಂ, "ಯಾ ಅಲ್ಲಾ, ಸಾಯ್ತಾವೆ!" ಎಂದು ಮೊಣಕೈವರೆಗೆ ಕೈ ಇಳಿಬಿಟ್ಟ.

ಇಳಿಬಿಟ್ಟವನು ಹಾಗೇ ನಿಂತ. ಬಾಯಿ ತೆರೆದಿತ್ತು, ಸದ್ದಿಲ್ಲ. ಭುಜ ಮಾತ್ರ ಸಣ್ಣಗೆ ಅದುರುತ್ತಿತ್ತು. ಅವನ ಅಪ್ಪನ ಮೀನಿಗೆ ಹೀಗಾಯಿತಲ್ಲ ಎಂದು ಬಿಕ್ಕುತ್ತಿದ್ದಾನೆ ಎಂದುಕೊಂಡೆ! ನನ್ನ ಕಣ್ಣೂ ತುಂಬಿತು. "ಅಳ್ಬೇಡ ಅಸ್ಲಂ" ಎಂದು ಅವನ ಭುಜ ತಟ್ಟಲು ಕೈ ಚಾಚಿದೆ.

"ಮುಟ್ಬೇಡ ಕಣೇ!"

ಪ್ರಕಾಶನ ಗಂಟಲಿನಲ್ಲಿ ಅಂಥ ಕೂಗು ಇದೆಯೆಂದು ನನಗೆ ಅದುವರೆಗೆ ಗೊತ್ತಿರಲಿಲ್ಲ. ಅವನು ಬಟ್ಟೆ ರಾಶಿಯ ಮೇಲಿನಿಂದ ಹಾರಿ, ಗೋಡೆಯ ಮೇಲಿನ ಮೇನ್ ಸ್ವಿಚ್ಚನ್ನು ಕೆಳಗೆಳೆದ. ಫ್ಯಾನು ನಿಂತಿತು, ದೀಪ ಹೋಯಿತು, ಕೆಂಪು ದೀಪವೂ ಹೋಯಿತು. ಅಸ್ಲಂ ಕಡಿದ ಮರದಂತೆ ಲೈನಿಂಗ್ ಬಟ್ಟೆಯ ರಾಶಿಯ ಮೇಲೆ ಕುಸಿದ. ನನ್ನ ಕೈ ಅವನ ಭುಜದಿಂದ ಒಂದು ಗೇಣು ದೂರದಲ್ಲಿ ಇನ್ನೂ ಚಾಚಿಯೇ ಇತ್ತು. ಆ ಗೇಣನ್ನು ನಾನು ಇವತ್ತಿಗೂ ಅಳೆಯುತ್ತೇನೆ. ಪಾತ್ರೆ ತೊಳೆಯುವಾಗ, ಮೀಟಿಂಗಿನ ಮಧ್ಯೆ, ಲಿಫ್ಟಿನ ಬಟನ್ ಒತ್ತುವಾಗ.

ಅಸ್ಲಂ ಕಣ್ಣು ಬಿಟ್ಟು ಆಡಿದ ಮೊದಲ ಮಾತು: "ಹಲಗೆ... ಹಲಗೆ ಹಾಕು ಸುಜಿ."

ನಾನು ಹಲಗೆ ಇಳಿಸಿದೆ. ಎರಡೂ ಬದುಕಿದ್ದವು. ಖಾಲಾ ಓಡಿ ಬಂದರು. ಮಗನ ಕೈಯನ್ನು ಎದೆಗೊತ್ತಿಕೊಂಡು ತಿಕ್ಕುತ್ತಾ, ಮೊದಲು ಅತ್ತರು, ಆಮೇಲೆ ಬೈದರು. "ಪಾಗಲ್ ಆಗಿದ್ದೀರಾ ತುಮೇ ಲೋಗಾಂ? ನಿಮ್ಮ ಅಪ್ಪಂದಿರು ಜಿಂದಗಿ ಪೂರಾ ಜಗಳ ಆಡಿದ್ರು, ಯಾವತ್ತಾದ್ರೂ ನೀರಿಗೆ ಕೈ ಹಾಕಿದ್ರಾ? ಬರೀ ಬಾಯಿ ಹಾಕ್ತಿದ್ರು!" ಅಸ್ಲಂನನ್ನು ಡಾಕ್ಟರ ಹತ್ತಿರ ಕರೆದೊಯ್ದು ತೋರಿಸಿದೆವು. ಎದೆ ಚೆನ್ನಾಗಿದೆ, ತಲೆಯ ವಿಷಯ ತಮಗೆ ಗೊತ್ತಿಲ್ಲ ಎಂದರು.

ರೆಕ್ಕೆ ಹರಿದ ರಾಣಿಯನ್ನು ಮತ್ತೆ ಆಟೋದಲ್ಲಿ ತರುವಂತಿರಲಿಲ್ಲ. ಹಲಗೆಯ ಆಚೆಗೇ ಬಿಟ್ಟು, ಖಾಲಿ ಬಕೆಟ್ಟಿನೊಂದಿಗೆ ಮನೆಗೆ ಬಂದೆವು. ಅಮ್ಮ ಬಕೆಟ್ಟಿನೊಳಗೆ ಇಣುಕಿದಳು. ಅದನ್ನು ಬಚ್ಚಲಿಗೆ ಒಯ್ದು ಬೋರಲು ಹಾಕಿದಳು. ಅದು ಬೈಗುಳಕ್ಕಿಂತ ಭಾರವಾಗಿತ್ತು.

ಕೆಲವು ದಿನಗಳಾದ ಮೇಲೆ ಅಸ್ಲಂ ವಿಡಿಯೋ ಕಾಲ್ ಮಾಡಿದ. ಮುಖ ಬಿಳುಚಿಕೊಂಡಿತ್ತು.

"ಸುಜಿ, ನವಾಬ್ ಮೊಟ್ಟೆ ಇಟ್ಟಿದೆ."

"ಸಾಧ್ಯವೇ ಇಲ್ಲ. ರಾಣಿ ಇಟ್ಟ ಮೊಟ್ಟೆ ಹಲಗೆಯ ತೂತಿಂದ ಈಚೆಗೆ ತೇಲಿ ಬಂದಿರ್ಬೇಕು."

"ನಾನು ಕಣ್ಣಾರೆ ನೋಡ್ತಿದೀನಿ. ಇಡ್ತಾ ಇದೆ. ಈಗ. ಇಗೋ, ಇನ್ನೊಂದು."

ಫೋನನ್ನು ತೊಟ್ಟಿಗೆ ಹಿಡಿದ. ಹಲಗೆಗೆ ಒರಗಿಸಿದ್ದ ಹೆಂಚಿನ ಚೂರಿನ ಮೇಲೆ, ಆ ಘನ ಗಂಭೀರ ಬುಗುಟಿನ ನವಾಬ್, ಶ್ರದ್ಧೆಯಿಂದ, ಸಾಲಾಗಿ, ಜೇನು ಬಣ್ಣದ ಮೊಟ್ಟೆಗಳನ್ನು ಅಂಟಿಸುತ್ತಿತ್ತು. ಹಲಗೆಯ ಆ ಬದಿಗೆ ರಾಣಿ ಮೈ ತಾಗಿಸಿಕೊಂಡು ಅತ್ತಿಂದಿತ್ತ ಅಲೆಯುತ್ತಿತ್ತು. ಹೆಣ್ಣಿಗೂ ಬುಗುಟು ಬರಬಹುದು, ಗಂಡಿಗೆ ಬಾರದೆಯೂ ಇರಬಹುದು ಎಂಬ ಸತ್ಯ ಮಿಶ್ರ ತಳಿಗಳ ವಿಷಯದಲ್ಲಿ ಎಲ್ಲರಿಗೂ ಗೊತ್ತಿರುವುದೇ ಅಂತೆ. ಎಲ್ಲರಿಗೂ ಎಂದರೆ ಈಗ ನನಗೂ. ನಾನು ಕೊಟ್ಟ ಎರಡು ತೀರ್ಪುಗಳೂ ತಪ್ಪು. ಎರಡೂ ತಪ್ಪಾದದ್ದರಿಂದಲೇ ಜೋಡಿ ಸರಿ!

"ನಿನ್ನ ಮುಂದೆ ಮಾತ್ರ ಮದುವೆ ಹೆಣ್ಣೂ ಗಂಡೂ ಅದಲುಬದಲಾಗೋದು" ಎಂದು ಪ್ರಕಾಶ ನಕ್ಕ. ಅಸ್ಲಂ ಮಾತ್ರ ತಲೆ ಮೇಲೆ ಕೈ ಹೊತ್ತಿದ್ದ. "ಗಿರಾಕಿಗಳಿಗೆ ಏನ್ ಹೇಳ್ಲಿ? ನವಾಬ್ ಬಾಣಂತಿ ಅಂತ ಹೇಳ್ಲಾ?"

ಇನ್ನು ಉಳಿದದ್ದು ಆ ಮೊಟ್ಟೆಗಳು. ಇಂಥ ಮಿಶ್ರ ತಳಿಯ ಗಂಡುಗಳಿಗೆ ಎಷ್ಟೋ ಸಲ ಮರಿ ಹುಟ್ಟಿಸುವ ಶಕ್ತಿಯೇ ಇರುವುದಿಲ್ಲವಂತೆ. ರಾಣಿಯ ವೀರ್ಯ ಹಲಗೆಯ ತೂತಿನಿಂದ ಹಾದು ಮೊಟ್ಟೆಗಳನ್ನು ಮುಟ್ಟುವುದಾದರೆ ಮುಟ್ಟಲಿ ಎಂದು ಎಲ್ಲವನ್ನೂ ಹಾಗೇ ಬಿಟ್ಟೆವು. ಮರುದಿನ ಹೆಚ್ಚಿನವು ಬೆಳ್ಳಗಾದವು. ಅದರ ಮರುದಿನ ಇನ್ನಷ್ಟು. ಅಸ್ಲಂನ ಪ್ರತಿ ಫೋನಿಗೂ ಅಮ್ಮ, "ಎಲ್ಲಾ ಹೋಯ್ತಾ?" ಎನ್ನುತ್ತಿದ್ದಳು. ಎಲ್ಲ ಹೋಗಲಿಲ್ಲ. ಹೆಂಚಿನ ಅಂಚಿನಲ್ಲಿ ಒಂದು ಚಿಟಿಕೆಯಷ್ಟು ಜೇನು ಬಣ್ಣ ಹಾಗೇ ಉಳಿದು, ಆಮೇಲೆ ಬಾಲ ಆಡಿಸತೊಡಗಿತು.

ರೆಕ್ಕೆ ಕೂಡಿಕೊಂಡ ರಾಣಿಯ ಜೊತೆ ನಮ್ಮ ಪಾಲಿನ ಮರಿಗಳೂ ಕಗ್ಗದಾಸಪುರಕ್ಕೆ ಬಂದವು. ರಾಣಿಯ ಹೆಸರು ಬದಲಿಸಲು ಅಮ್ಮ ಒಪ್ಪಲಿಲ್ಲ. "ನಿಮ್ಮಪ್ಪ ಇಟ್ಟಿದ್ದು" ಎಂದಳು, ಅಲ್ಲಿಗೆ ಮುಗಿಯಿತು. ಮರಿಗಳಿಗೆ ಬುಗುಟೂ ಇಲ್ಲ, ಕೆಂಪೂ ಇಲ್ಲ. ಕೆಸರಿನ ಬಣ್ಣದ, ಅಕ್ಕಿ ಕಾಳಿನಷ್ಟಿರುವ ಜೀವಗಳು, ಸಣ್ಣ ತೊಟ್ಟಿಯಲ್ಲಿ ಬಿಟ್ಟರೆ ಹುಡುಕಬೇಕು. ಆದರೆ ಒಂದು ಮರಿ ಮಾತ್ರ ಬೇರೆ. ಅದು ಉಳಿದವುಗಳಂತೆ ಓಡಿ ಅಡಗುತ್ತಿರಲಿಲ್ಲ. ಮೂಲೆಯಲ್ಲಿ ಒಂದೇ ಕಡೆ ನಿಂತು, ನೀರು ಅಲುಗಿದಾಗ ಮಾತ್ರ ಮೆಲ್ಲನೆ ತಲೆದೂಗುತ್ತಿತ್ತು. ನಾನು ದಿನಾ ಬೆಳಿಗ್ಗೆ ಕಾಫಿ ಹಿಡಿದು ಅದರ ಮುಂದೆ ಕೂರತೊಡಗಿದೆ. ಅಪ್ಪನೂ ಹಾಗೇ. ವಠಾರದ ಗದ್ದಲದ ನಡುವೆ ಬಾಗಿಲ ಬಳಿ ಮೌನವಾಗಿ ನಿಂತು, ಯಾರು ಏನು ಹೇಳಿದರೂ ತಲೆದೂಗುತ್ತಿದ್ದರು. ಒಂದು ಭಾನುವಾರ ತಡೆಯಲಾರದೆ ಅಮ್ಮನನ್ನು ಕೈ ಹಿಡಿದು ಕರೆತಂದೆ.

"ನೋಡಮ್ಮ. ಥೇಟ್ ಅಪ್ಪ."

ಅಮ್ಮ ಕನ್ನಡಕ ಹಾಕಿಕೊಂಡು ಬಹಳ ಹೊತ್ತು ನೋಡಿದಳು. ಆಮೇಲೆ ಚಮಚ ತಂದು ನೀರಿಗೆ ಇಳಿಸಿ, ಅದನ್ನು ಎತ್ತಿ ನನ್ನ ಅಂಗೈ ಮೇಲೆ ಇಟ್ಟಳು. ಫಿಲ್ಟರಿನಿಂದ ಕಿತ್ತು ಬಂದ ಸ್ಪಂಜಿನ ಚೂರು.

 ಅಮ್ಮ ಚಮಚವನ್ನು ಮತ್ತೆ ನೀರಿಗೆ ಅದ್ದಿದಳು. ಊಟ ಬಂತೆಂದು ತಿಳಿದು, ಕೆಸರು ಬಣ್ಣದ ನಿಜವಾದ ಮರಿಗಳು ಗಿಡದ ಹಿಂದಿನಿಂದ ಒಂದೊಂದಾಗಿ ಹೊರಬಂದು ಅವಳ ಚಮಚದ ಸುತ್ತ ಸೇರಿದವು.

"ಇವು ಕಣೇ ಮೀನು" ಎಂದಳು ಅಮ್ಮ.